ಲಿಪ್‌ಸ್ಟಿಕ್ ಇಟ್ಟ ಎಡೆ

ನನ್ನ ಮೊಮ್ಮಗಳು ಪುಸ್ತಕ ಬರೆದಿದ್ದಾಳೆ. ಅಚ್ಚಾಗಿರುವ ಪುಸ್ತಕ, ಮೇಲೆ ಅವಳ ಹೆಸರಿದೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಹೆಸರು ಓದುವುದಕ್ಕೆ ಅಷ್ಟು ಸಾಕು, ದಿನಕ್ಕೆ ಹತ್ತು ಸಲ ಓದುತ್ತೇನೆ. ಸುದ್ದಗುಂಟೆಪಾಳ್ಯದ ನಮ್ಮ ಬೀದಿಗೆಲ್ಲ ತೋರಿಸಿದ್ದಾಯಿತು. ಗ್ಯಾಸ್ ತಂದವನು ಪಾಪ, ಸಿಲಿಂಡರ್ ಹೆಗಲ ಮೇಲೆ ಇಟ್ಟುಕೊಂಡೇ ನೋಡಿದ. ನಿಜ ಹೇಳಬೇಕೆಂದರೆ ಆ ಪುಸ್ತಕ ಗುಜರಿಗೆ ಹೋಗಬೇಕಿತ್ತು. ಉಳಿದದ್ದು ನನ್ನ ದಡ್ಡತನದಿಂದ.

ಅವಳು ಆಗ ಮೊದಲ ಪಿಯುಸಿ. ಹಿಂದಿನ ವರ್ಷ ಅವಳು ಕಥೆ ಬರೆದಿದ್ದ ನೋಟ್‌ಬುಕ್ಕನ್ನು ನನ್ನ ಮಗ, ಅಂದರೆ ಅವಳಪ್ಪ, ಹಳೇ ಪೇಪರಿನ ಜೊತೆ ಗುಜರಿಯವನಿಗೆ ಹಾಕಿದ್ದ. "ಮೊದ್ಲು ಮಾರ್ಕ್ಸು, ಆಮೇಲೆ ಕಥೆ" ಎಂದಿದ್ದ. ಅದಕ್ಕೆ ಈ ಸಲ ಫಿಸಿಕ್ಸ್ ನೋಟ್ಸಿನ ಹಿಂದಿನ ಹಾಳೆಗಳಲ್ಲಿ ಕದ್ದು ಬರೆಯುತ್ತಿದ್ದಳು. ಸಂಜೆ ಟೆರೇಸಿನಲ್ಲಿ ನಾನು ಬಟ್ಟೆ ಮಡಿಸುವಾಗ ನನಗೊಬ್ಬಳಿಗೆ ಓದಿ ಹೇಳುತ್ತಿದ್ದಳು. ಯಾರಿಗೂ ಬಾಯಿ ಬಿಡಬಾರದೆಂದು ಆಣೆ ಹಾಕಿಸಿಕೊಂಡಿದ್ದಳು.

ಕಥೆ ಅವಳದೇ ವಯಸ್ಸಿನ ಹುಡುಗಿಯದು. ಆ ಹುಡುಗಿ ಲೆಕ್ಕದಲ್ಲಿ ಫೇಲಾಗಿ ಮನೆಯಲ್ಲಿ ಮುಚ್ಚಿಟ್ಟಿರುತ್ತಾಳೆ. ಮೊಡವೆ ನೋಡಿಕೊಂಡು ಅಳುತ್ತಿರುತ್ತಾಳೆ. ಆ ಮನೆಯಲ್ಲೂ ಒಂದು ಗುಟ್ಟಿದೆ. ಅವಳ ಸೋದರತ್ತೆ ಇಷ್ಟಪಟ್ಟವನನ್ನು ಮದುವೆಯಾಗಿ ಹೋದಳೆಂದು ಮನೆಯವರು ಅವಳ ಫೋಟೊ ಕೂಡ ಉಳಿಸಿಲ್ಲ. ಹುಡುಗಿ ಅವಳನ್ನು ಹುಡುಕಿಕೊಂಡು ಹೋಗುತ್ತಾಳೆ. ಇಬ್ಬರೂ ಗುಟ್ಟಾಗಿ ಪಾನಿಪೂರಿ ತಿನ್ನುತ್ತಾರೆ, ಸೋದರತ್ತೆ ಅವಳಿಗೆ ಲಿಪ್‌ಸ್ಟಿಕ್ ಹಚ್ಚುತ್ತಾಳೆ. ಆಮೇಲೆ ಒಂದು ದಿನ ಆ ಸೋದರತ್ತೆ ಸತ್ತುಹೋಗುತ್ತಾಳೆ. ಹಿರಿಯರ ಹಬ್ಬದಲ್ಲಿ ಆ ಮನೆಯವರು ಅವಳಿಗೆ ಎಡೆಯನ್ನೇ ಇಡುವುದಿಲ್ಲ.

ಅವತ್ತು ನಾನು ಮಡಿಸಿದ ಬಟ್ಟೆಯಲ್ಲೇ ಕಣ್ಣು ಒರೆಸಿಕೊಂಡೆ. "ಅಜ್ಜಿ, ಇದು ಬರೀ ಕಥೆ ಕಣಜ್ಜಿ" ಎಂದಳು. ಕಥೆಯವಳಾದರೇನು, ಸತ್ತವಳು ಹಸಿದುಕೊಂಡು ಇರಬಾರದು.

ಮಹಾಲಯ ಅಮಾವಾಸ್ಯೆ ಬಂತು. ನಮ್ಮಲ್ಲಿ ತೀರಿಕೊಂಡವರಿಗೆಲ್ಲ ಬಾಳೆಯೆಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರುತ್ತೇವೆ. ಮಾವನವರಿಗೆ ಬ್ರಾಂದಿ, ಬೀಡಿ. ಅವರಮ್ಮನಿಗೆ ಕಜ್ಜಾಯ, ಎಲೆ ಅಡಿಕೆ. ಮೂಲೆಯಲ್ಲಿ ನಾನು ಇನ್ನೊಂದು ಎಲೆ ಹಾಕಿದೆ. ಅದರ ಮೇಲೆ ಬಿಟಿಎಂನ ಗಾಡಿಯಿಂದ ಪಾರ್ಸೆಲ್ ತಂದ ಪಾನಿಪೂರಿ, ಪಕ್ಕದಲ್ಲಿ ನಮ್ಮ ಮೇಲಿನ ಮಹಡಿಯ ಪಿಜಿಯ ಹುಡುಗಿಯೊಬ್ಬಳು ಕೊಟ್ಟ ಕೆಂಪು ಲಿಪ್‌ಸ್ಟಿಕ್.

ಬಾಗಿಲು ಮುಚ್ಚಿದ್ದೇ ತಡ, ನನ್ನ ನಾದಿನಿ ಮೆಟ್ಟಿಲ ಮೇಲೆ ನನ್ನ ಹತ್ತಿರ ಸರಿದು ಕುಳಿತಳು.

"ಅತ್ಗೆ, ಎಲೆ ಎಣಿಸ್ದೆ. ಒಂದು ಜಾಸ್ತಿ ಐತೆ."

ನಾನು ಬೀದಿ ಕಡೆ ಮುಖ ತಿರುಗಿಸಿದೆ. ಆಣೆ ಇತ್ತಲ್ಲ.

"ನಮ್ಮನೇಲಿ ಪಾನಿಪೂರಿ ತಿನ್ನೋರು ಯಾರು ಸತ್ತವ್ರೆ? ಲಿಪ್‌ಸ್ಟಿಕ್ ಬೇರೆ" ಎಂದು ದನಿ ತಗ್ಗಿಸಿದಳು. ಅವಳ ತಗ್ಗಿಸಿದ ದನಿ ಎದುರು ಮನೆಯವರಿಗೂ ಕೇಳಿಸಿತು. ಎಲ್ಲರೂ ನಮ್ಮ ಯಜಮಾನರ ಕಡೆ ತಿರುಗಿದರು.

"ಅಣ್ಣ, ಯಾರವಳು?"

"ಯಾವಳು?" ಎಂದರು ಯಜಮಾನರು.

"ದಿನಾ ಜಯನಗರಕ್ಕೆ ವಾಕಿಂಗ್ ಅಂತ ಹೋಗ್ತಿದ್ದಿದ್ದು ಇದಕ್ಕೇನಾ?"

"ಅದು ಶುಗರ್‌ಗೆ ಕಣೇ."

"ಅತ್ಗೆ ದೊಡ್ಡ ಮನ್ಸು ಮಾಡಿ ಎಲೆ ಹಾಕವ್ರೆ. ನಾನಾಗಿದ್ರೆ ಪಾನಿಗೆ ಇನ್ನೆರಡು ಚಮಚ ಖಾರದ್ಪುಡಿ ಹಾಕ್ತಿದ್ದೆ."

ಯಜಮಾನರು ನನ್ನನ್ನೇ ಕೇಳಿದರು. "ಹೇಳೇ, ಯಾರ್ದು ಆ ಎಲೆ?"

"ಹೇಳೋ ಹಂಗಿಲ್ಲ" ಎಂದೆ. ಅದರಿಂದ ಇನ್ನೂ ಕೆಟ್ಟಿತು. ಮಗನ ಮುಖ ಕೆಂಪಾಯಿತು. "ಅಪ್ಪ, ನಿಜ ಹೇಳ್ಬಿಡಿ" ಎಂದ. ಯಜಮಾನರಿಗೆ ಅಳು ಬರುವುದೊಂದು ಬಾಕಿ.

ಮೊಮ್ಮಗಳಿಗೆ ತಾತ ಅಂದರೆ ಜೀವ. ಓದುವ ಹಾಗೆ ನಟಿಸುತ್ತಾ ಫಿಸಿಕ್ಸ್ ನೋಟ್ಸ್ ಹಿಡಿದುಕೊಂಡೇ ಕುಳಿತಿದ್ದವಳು ಎದ್ದು ನಿಂತಳು.

"ಅವಳು ತಾತಂಗೆ ಏನೂ ಆಗ್ಬೇಕಿಲ್ಲ. ನನ್ನ ಕಥೇಲಿರೋಳು. ನಾನೇ ಸಾಯಿಸ್ದೆ."

ಮಗ ನೋಟ್ಸ್ ಕಿತ್ತುಕೊಳ್ಳಲು ಕೈ ಚಾಚಿದ. ಇನ್ನೇನು, ಇದೂ ಗುಜರಿಗೇ ಎಂದುಕೊಂಡೆ. ಅಷ್ಟರಲ್ಲಿ ನಾದಿನಿ ಅವನ ಕೈಗೆ ಪಟ್ಟನೆ ಹೊಡೆದಳು. "ಇರೋ, ಅವಳ್ಯಾರು ಅಂತ ಮೊದ್ಲು ಗೊತ್ತಾಗ್ಲಿ. ಓದೇ ನೀನು."

ಅವಳು ಓದಿದಳು. ಹುಡುಗಿ ಮಾರ್ಕ್ಸ್ ಕಾರ್ಡನ್ನು ಶೂ ಡಬ್ಬಿಯಲ್ಲಿ ಬಚ್ಚಿಡುವ ಜಾಗ ಬಂದಾಗ ಮಗ ನೆಲ ನೋಡತೊಡಗಿದ.

"ನೀನೂ ಏಳ್ನೇ ಕ್ಲಾಸಲ್ಲಿ ಕೊಟ್ಟಿಗೇಲಿ ಬಚ್ಚಿಟ್ಟಿದ್ಯಲ್ಲಪ್ಪ" ಎಂದೆ. ಅದಕ್ಕೆ ನಾನು ಆಣೆ ಹಾಕಿರಲಿಲ್ಲ.

"ಅಮ್ಮ, ಅದು ನಿಂಗೊತ್ತಿತ್ತಾ?"

"ಹಸು ಅರ್ಧ ತಿಂದಿತ್ತು. ಉಳಿದರ್ಧ ನಾನೇ ಒಲೆಗೆ ಹಾಕ್ದೆ, ನಿಮ್ಮಪ್ಪ ನೋಡ್ಬಾರ್ದು ಅಂತ."

"ಒಳ್ಳೆ ಸಂಸಾರ" ಎಂದರು ಯಜಮಾನರು. ಮೊಮ್ಮಗಳು ಮತ್ತೆ ಓದತೊಡಗಿದಳು. ಸೋದರತ್ತೆ ಸತ್ತಾಗ ನಾದಿನಿ ಗಟ್ಟಿಯಾಗಿ ಮೂಗೆಳೆದುಕೊಂಡಳು. ಎಡೆ ಇಡಲಿಲ್ಲ ಎಂಬಲ್ಲಿಗೆ ಓದು ನಿಂತಿತು.

"ಬಾಗ್ಲು ತೆಗೀರೋ, ನಮ್ಮಪ್ಪ ಉಂಡು ಗಂಟೆ ಆಯ್ತು" ಎಂದರು ಯಜಮಾನರು.

"ಇರಿ ಅಪ್ಪ" ಎಂದು ಮಗ ಮೊಮ್ಮಗಳ ಕಡೆ ತಿರುಗಿದ. "ಕೊನೇಲಾದ್ರೂ ಎಲೆ ಹಾಕ್ತಾರಾ ಇಲ್ವಾ?"

"ಇನ್ನೂ ಬರ್ದಿಲ್ಲಪ್ಪ."

"ಬರಿ. ಫಿಸಿಕ್ಸಲ್ಲಿ ಬೇಡ. ಬೇರೆ ನೋಟ್‌ಬುಕ್ ತಂದ್ಕೊಡ್ತೀನಿ."

ತಂದೂ ಕೊಟ್ಟ, ಒಂದಲ್ಲ, ಮೂರು. ಅಚ್ಚಾದ ಪುಸ್ತಕದ ಕೊನೆಯ ಪುಟದಲ್ಲಿ ಆ ಮನೆಯವರು ಎಲೆ ಹಾಕುತ್ತಾರೆ. ಆ ಪುಟವನ್ನು ನಾನೇ ಒಂದೊಂದಕ್ಷರ ಕೂಡಿಸಿಕೊಂಡು ಓದಿದೆ. ಒಂದು ಸಂಜೆ ಪೂರ್ತಿ ಹಿಡಿಯಿತು.

ಯಜಮಾನರು ಮಾತ್ರ ಈಗ ವಾಕಿಂಗ್‌ಗೆ ಜಯನಗರದ ಕಡೆ ತಲೆ ಹಾಕುವುದಿಲ್ಲ. ಈ ಸಲದ ಅಮಾವಾಸ್ಯೆಗೂ ಮೂಲೆಯಲ್ಲಿ ಆ ಎಲೆ ಹಾಕಿದೆವು. ಪಾನಿಪೂರಿ ತಂದವನು ನನ್ನ ಮಗ. ಬಾಗಿಲು ಮುಚ್ಚುವ ಮೊದಲು ನಾದಿನಿ ಬಗ್ಗಿ ನೋಡಿ, "ಖಾರ ಕಮ್ಮಿ ಹಾಕ್ಸಿದ್ಯಾ ತಾನೇ? ಪಾಪ, ಬಿಸ್ಲಲ್ಲಿ ಬರ್ತಾಳೆ" ಎಂದಳು.