ಮಾನಪ್ಪ ಪತ್ತಾರನ ತಾಟಿನ ಅಂಚು

ಸಾವಿರದ ಎಂಟುನೂರ ಐವತ್ತರ ಆಸುಪಾಸಿನಲ್ಲಿ ಗಜೇಂದ್ರಗಡದ ಪೇಟೆಯಲ್ಲಿ ಮಾನಪ್ಪ ಪತ್ತಾರನಷ್ಟು ಬಡಾಯಿಯವನು ಇನ್ನೊಬ್ಬನಿರಲಿಲ್ಲ. ಅಕ್ಕಸಾಲಿಗ ಅಕ್ಕನ ಬಂಗಾರವನ್ನೂ ಬಿಡುವುದಿಲ್ಲ ಎನ್ನುತ್ತಾರಲ್ಲ, ಪಾಪ, ಮಾನಪ್ಪನಿಗೆ ಅಕ್ಕನೂ ಇರಲಿಲ್ಲ, ಬಂಗಾರವೂ ಇರಲಿಲ್ಲ. ಇದ್ದದ್ದು ತಾಮ್ರದ ತಾಟಿಗೆ ಬೆಳ್ಳಿ ಹೊದಿಸುವ ಕಸುಬು. ಬೆಳ್ಳಿಯನ್ನು ತೆಳ್ಳಗೆ ಬಡಿದು, ಕಾಯಿಸಿದ ತಾಮ್ರದ ಮೇಲೆ ಹಾಸಿ, ನುಣ್ಣನೆಯ ಕಲ್ಲಿನಿಂದ ತಿಕ್ಕುವುದು. ಅಷ್ಟನ್ನು ಯಾವ ಪತ್ತಾರನೂ ಮಾಡಿಯಾನು. ಕಷ್ಟವೆಲ್ಲ ಅಂಚಿನಲ್ಲಿ. ಅಲ್ಲಿ ಕೂದಲೆಳೆಯಷ್ಟು ಕೆಂಪು ಇಣುಕಿದರೂ ತಾಟಿನ ಗುಟ್ಟು ರಟ್ಟು. ಮಾನಪ್ಪನ ತಾಟಿನಲ್ಲಿ ಇಣುಕುತ್ತಿರಲಿಲ್ಲ. "ಈ ಅಂಚು ಮುಚ್ಚೂ ಕೈ ನನ್ನ ಬಿಟ್ರ ಯಾರಿಗೈತಿ?" ಎಂದು ಆತ ರೋಣದ ಸಂತೆಯವರೆಗೂ ಸಾರಿಕೊಂಡು ಬರುತ್ತಿದ್ದ. ಆತನ ಕಣ್ಣು ಮಂಜಾದ ಮೇಲೆ ಅಂಚು ಮುಚ್ಚುತ್ತಿದ್ದವಳು ಮಗಳು ಗಾಳೆವ್ವ ಎಂಬುದು ಹೆಂಡತಿ ಗೌರವ್ವನನ್ನು ಬಿಟ್ಟರೆ ಇನ್ನಾರಿಗೂ ಗೊತ್ತಿರಲಿಲ್ಲ.

ಆ ಗಾಳೆವ್ವನನ್ನು ಮಗನಿಗೆ ತಂದುಕೊಳ್ಳಲು ನರಗುಂದದ ಮೈಲಾರಪ್ಪ ಪತ್ತಾರ ಬಂದ. ಹಿಂದೆ ಬಂದಿದ್ದ ಸಂಬಂಧ, ಮನೆಯಲ್ಲಿ ಒಂದು ಬೆಳ್ಳಿ ತಾಟೂ ಇಲ್ಲವೆಂದು ಮುರಿದಿತ್ತು. ಇದೂ ತಪ್ಪಿದರೆ ಹುಡುಗಿ ಮನೆಯಲ್ಲೇ ಉಳಿಯುತ್ತಾಳೆಂದು ಗೌರವ್ವ ಹೆದರಿದ್ದಳು. ಮಾನಪ್ಪ ಮಾಡಿದ್ದೇನು? ಬೀಗನಾಗುವವನಿಗೆ ಬೆಳ್ಳಿ ಹೊದಿಸಿದ ತಾಟಿನಲ್ಲಿ ಹೋಳಿಗೆ ಹಾಕಿಸಿದ. ಅದೂ ಒಬ್ಬ ಪತ್ತಾರನಿಗೆ! ಬುದ್ಧಿಗೇಡಿ.

ಮೈಲಾರಪ್ಪ ಉಣ್ಣುತ್ತ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ.

"ಈ ಅಂಚು ಭಾಳ ಚಲೋ ಮುಚ್ಚ್ಯಾರ. ಯಾರ ಕೈರಿ ಇದು?"

ಇದು ಗಟ್ಟಿ ಬೆಳ್ಳಿ ಎಂದು ಸಾಧಿಸಬಹುದಿತ್ತು. ಆದರೆ ಹೊಗಳಿಕೆ ಕಿವಿಗೆ ಬಿದ್ದ ಮೇಲೆ ಮಾನಪ್ಪ ಸುಮ್ಮನಿರುವ ಪೈಕಿಯೇ?

"ನಂದರೀ!" ಎಂದುಬಿಟ್ಟ.

ಒಳಗೆ ಗೌರವ್ವ ಹಣೆ ಬಡಿದುಕೊಂಡಳು.

"ಅಂದ್ರ ಒಳಗ ತಾಮ್ರ ಐತಿ ಅಂದಂಗಾತು," ಎಂದು ಮೈಲಾರಪ್ಪ ನಕ್ಕ. "ಇರ್ಲಿ ಬಿಡ್ರಿ, ನಮ್ಮನ್ಯಾಗೂ ಅದ ಐತಿ. ಆದ್ರ ಇಂಥಾ ಅಂಚು ನನಗ ಜನ್ಮದಾಗ ಬರಲಿಲ್ಲ. ನನ್ನ ಮುಂದ ಒಂದೀಟು ಮಾಡಿ ತೋರಸ್ರಿ."

ಊಟವಾದ ಮೇಲೆ ಮಾನಪ್ಪ ವಿಧಿಯಿಲ್ಲದೆ ಅರೆಬರೆಯಾಗಿದ್ದ ಇನ್ನೊಂದು ತಾಟು ಹಿಡಿದು ಕುಳಿತ. ಮಂಜುಗಣ್ಣಿಗೆ ಅಂಚು ತಪ್ಪಿತು, ಬೆಳ್ಳಿ ಹರಿಯಿತು, ತಾಮ್ರ ಹಲ್ಲು ಕಿರಿಯಿತು. ಅಪ್ಪನ ಮಾನ ಹೋಗುವುದನ್ನು ನೋಡಲಾರದೆ ಗಾಳೆವ್ವ ಹೊರಗೆ ಬಂದು, "ಕೊಡಪಾ ಇಲ್ಲೆ," ಎಂದು ಕಲ್ಲು ಕಸಿದುಕೊಂಡಳು. ನೋಡನೋಡುತ್ತಿದ್ದಂತೆ ಕೆಂಪು ಮರೆಯಾಯಿತು. ಮೈಲಾರಪ್ಪ ಬಾಯೊಳಗಿನ ಎಲೆಅಡಿಕೆ ಅಗಿಯುವುದನ್ನೂ ಮರೆತ.

"ಬೀಗರ, ಬೆಳ್ಳಿ ಮಾತು ಬಿಡ್ರಿ. ಈ ಹುಡುಗಿ ನಮ್ಮ ಮನಿಗೆ ಬರ್ಲಿ. ಲಗೂ ಮುಹೂರ್ತ ನೋಡ್ರಿ."

ಗೌರವ್ವ ಹಿಗ್ಗಿನಿಂದ ಸಕ್ಕರೆ ತಂದಳು. ಮಾನಪ್ಪ ಮಾತ್ರ ತಾಟನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಒರೆಸಿಕೊಳ್ಳುತ್ತಿದ್ದ. ಬೀಗರ ಎದುರಿಗೆ ಇದೇನು ಸೋಗು ಎಂದು ಆಕೆಗೆ ಸಿಟ್ಟು ಬಂತು.

"ಮಗಳು ಹೊಂಟಾಳಂತ ಅಳಾಕತ್ತೀರೋ, ಕಸಬು ಹೊಂಟೈತಿ ಅಂತ ಅಳಾಕತ್ತೀರೋ?"

"ಎರಡಕ್ಕೂ, ಗೌರಾ," ಎಂದು ಮಾನಪ್ಪ ಇನ್ನೂ ಜೋರಾಗಿ ಅತ್ತ.