ಎಡಗಡೆಯ ಎತ್ತು

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಎಲ್ಲವೂ ಕೆಡತೊಡಗಿತು. ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಸರಿಯಾಗಿ ಆ ಹೊತ್ತಿಗೆ ನಾನು ಮೊಬೈಲಿನಲ್ಲಿ ನಮ್ಮ ಎತ್ತುಗಳ ಫೋಟೋ ತೆಗೆದಿದ್ದೆ. ಆ ಫೋಟೋದಲ್ಲಿ ಎರಡೂ ಮದುವೆ ಮನೆಯ ಬೀಗರಂತೆ ಗಂಭೀರವಾಗಿ, ಕೊಂಬೆತ್ತಿ, ಹಣೆಪಟ್ಟಿ ಮಿರುಗಿಸುತ್ತ ನಿಂತಿವೆ. ನೀವು ನೋಡಿದರೆ ಅದರಲ್ಲಿ ಯಾವ ದೋಷವೂ ಕಾಣದು. ನನಗೂ ಕಂಡಿರಲಿಲ್ಲ.

ಬಾಳ್ಳುಪೇಟೆಯ ಹೆದ್ದಾರಿ ಪಕ್ಕದ ಮೈದಾನದಲ್ಲಿ ಜಾನುವಾರು ಪ್ರದರ್ಶನವಿದೆ ಎಂದು ತಿಳಿದ ದಿನದಿಂದ ಮಗ್ಗೆ ಹತ್ತಿರದ ನಮ್ಮ ಮನೆಯಲ್ಲಿ ನನ್ನ ಅಲಂಕಾರಕ್ಕಿಂತ ಎತ್ತುಗಳಾದ ಬಸವ, ಚೆನ್ನರ ಅಲಂಕಾರಕ್ಕೇ ಹೆಚ್ಚು ಸಮಯ ಸಲ್ಲುತ್ತಿತ್ತು. ಗದ್ದೆಗೆ ಟಿಲ್ಲರ್ ಬಂದ ಮೇಲೂ ನಮ್ಮ ಯಜಮಾನರು ಈ ಜೋಡಿಯನ್ನು ಇಟ್ಟುಕೊಂಡಿರುವುದು ಲಾಭದ ಲೆಕ್ಕದಿಂದಲ್ಲ, ಕೇವಲ ಮೋಹದಿಂದ. ಹುರುಳಿ ಬೇಯಿಸಿದ್ದಾಯಿತು, ಹಿಂಡಿ ನೆನೆಸಿದ್ದಾಯಿತು, ಕೊಂಬನ್ನು ಗಾಜಿನ ಚೂರಿನಿಂದ ಹೆರೆದು ಎಣ್ಣೆ ತಿಕ್ಕಿದ್ದಾಯಿತು. ಕೊನೆಗೆ ನನ್ನ ಶಾಂಪೂ ಬಾಟಲಿಯೂ ಕೊಟ್ಟಿಗೆ ಸೇರಿ, ಬಸವನ ಬಾಲ ನನ್ನ ಜಡೆಗಿಂತ ನುಣುಪಾಯಿತು. ಅದಕ್ಕೆ ನಾನು ಸ್ವಲ್ಪ ಅಸೂಯೆಪಟ್ಟೆ ಎಂಬುದನ್ನೂ ಬರೆದುಬಿಡುತ್ತೇನೆ.

ಒಂದೇ ಕೊರತೆ ಎಂದರೆ ಚೆನ್ನನ ಎಡತೊಡೆಯ ಮೇಲೆ ತಂತಿಬೇಲಿ ಗೀರಿದ ಹಳೆಯ ಗಾಯದ ಗುರುತು. ಅವನು ನೊಗದ ಎಡಗಡೆಯ ಎತ್ತು, ಬಸವ ಬಲಗಡೆಯವನು. ಪಳಗಿಸುವಾಗ ಯಾವ ಮಗ್ಗುಲು ಕೊಟ್ಟರೋ ಕಡೆತನಕ ಅದೇ ಮಗ್ಗುಲು. ಗದ್ದೆಯಲ್ಲಷ್ಟೇ ಅಲ್ಲ, ನೀರು ಕುಡಿಯುವಾಗ, ಕೊಟ್ಟಿಗೆಯಲ್ಲಿ ಮೆಲುಕು ಹಾಕುವಾಗಲೂ ಹಾಗೆಯೇ. ಮೈದಾನದಲ್ಲಿ ತೀರ್ಪುಗಾರರ ಕುರ್ಚಿಗಳು ಎಡಕ್ಕೇ ಇದ್ದವು. ಅದನ್ನು ಮೊದಲು ಗಮನಿಸಿದವರು ನಮ್ಮ ಪಕ್ಕದ ತೋಟದ ತಮ್ಮಣ್ಣ.

“ಲೋಕಣ್ಣ, ಗಾಯದ ಮಗ್ಗುಲು ಅವ್ರ ಕಡೀಕೇ ಐತಲ್ಲ ಮಾರಾಯ.”

“ಐತೆ ಕಣೋ. ಏನ್ ಮಾಡನ, ಪೌಡರ್ ಬಳಿಯನಾ?” ಎಂದರು ಇವರು.

“ಚೆನ್ನನ್ನ ಬಲಕ್ಕೆ ತಗಂಡ್ ಬಾ. ಗಾಯ ಒಳಕ್ ಹೋಗ್ಬುಡ್ತದೆ. ಒಂದ್ ಸುತ್ತು ತಾನೆ? ಅವ್ಕೇನ್ ಗೊತ್ತಾಯ್ತದೆ?”

“ಅವ್ಕೆ ಗೊತ್ತಾಯ್ತದೆ ಕಣೋ.”

ಹಾಗೆಂದವರು ಮುಂದಿನ ಸಾಲಿನಲ್ಲಿದ್ದ, ಕಲೆಯೇ ಇಲ್ಲದ ಬಿಳಿ ಜೋಡಿಯನ್ನು ಒಮ್ಮೆ ನೋಡಿದರು, ನಮ್ಮ ಚೆನ್ನನನ್ನು ಒಮ್ಮೆ ನೋಡಿದರು, ಹಗ್ಗ ಬದಲಿಸಿ ಚೆನ್ನನನ್ನು ಬಲಕ್ಕೆ ತಂದರು. ಪ್ರದರ್ಶನಕ್ಕೆ ನೊಗವಿರಲಿಲ್ಲ; ಎರಡೂ ಹಗ್ಗಗಳನ್ನು ಬಲಗೈಗೆ ಸುತ್ತಿಕೊಂಡು ಮುಂದೆ ನಿಂತರು. ನಾನು ಫೋಟೋ ತೆಗೆದೆ.

ಮೊದಲ ತಿರುವಿನವರೆಗೆ ಏನೂ ಆಗಲಿಲ್ಲ. ತಿರುವಿನಲ್ಲಿ ಚೆನ್ನ ತನ್ನ ಎಡಕ್ಕೆ ಹೋಗಲು ಒತ್ತಿದ, ಬಸವ ತನ್ನ ಬಲಕ್ಕೆ ಬರಲು ಒತ್ತಿದ. ಎರಡು ಭಾರಿ ಹೆಗಲುಗಳು ಒಂದಕ್ಕೊಂದು ಬಡಿದವು. ಅದೇ ಕ್ಷಣಕ್ಕೆ ಧ್ವನಿವರ್ಧಕ ಕಿರುಚಿದ್ದೇ, ಬಸವ ಬೆದರಿ ಗೇಟಿನ ಕಡೆ ನುಗ್ಗಿದ. ಚೆನ್ನ ಹಿಂದೆಯೇ ಓಡಿದ. ಸುತ್ತಿದ ಹಗ್ಗ ಬಿಗಿದು ಇವರು ಮುಗ್ಗರಿಸಿ ಬಿದ್ದರು, ಬಿದ್ದವರನ್ನು ಎತ್ತುಗಳು ಹಾಗೆಯೇ ಎಳೆದುಕೊಂಡು ಹೋದವು. ಜನ ಎರಡೂ ಬದಿಗೆ ಚದುರಿದರು. “ಹಗ್ಗ ಬುಡೋ, ಬುಡೋ ಲೋಕಣ್ಣ” ಎಂದು ತಮ್ಮಣ್ಣ ಓಡುತ್ತಿದ್ದರು, ಆದರೆ ಹಗ್ಗ ಇವರನ್ನು ಬಿಡಬೇಕಿತ್ತೇ ಹೊರತು ಇವರು ಹಗ್ಗವನ್ನಲ್ಲ. ಗೇಟಿಗೂ ಹೆದ್ದಾರಿಗೂ ನಡುವೆ ಚರಂಡಿಯ ಹಾಸುಗಲ್ಲು ಮಾತ್ರ. ಅದರಾಚೆ ಲಾರಿಗಳು. ನಾನೇನು ಮಾಡಿದೆ ಎಂದು ಕೇಳುತ್ತೀರಾ? ಎತ್ತುಗಳ ಮೈ ಉಜ್ಜಲು ತಂದು ಕೈಯಲ್ಲೇ ಉಳಿದಿದ್ದ ತೆಂಗಿನ ನಾರನ್ನು ಗಟ್ಟಿಯಾಗಿ ಹಿಡಿದು ನಿಂತಿದ್ದೆ, ಜಗತ್ತಿನಲ್ಲಿ ಆ ಹೊತ್ತು ನನಗೆ ವಹಿಸಿದ ಕೆಲಸ ಅದೊಂದೇ ಎಂಬಂತೆ.

ನಿಲ್ಲಿಸಿದವರು ಯಾರೂ ಅಲ್ಲ. ಗೇಟಿನ ಹತ್ತಿರ ಚೆನ್ನ ಬಸವನ ಬೆನ್ನ ಹಿಂದಿನಿಂದ ಹಾದು ಎಡಕ್ಕೆ ಬಂದ. ಹೆಗಲಿಗೆ ಹೆಗಲು ತಾಗಿತು. ಅಷ್ಟೇ, ಎರಡೂ ನಿಂತವು. ಸಾಲು ಮುಗಿದು ಗದ್ದೆಯ ಬದುವಿಗೆ ಬಂದಾಗ ನಿಲ್ಲುತ್ತವಲ್ಲ, ಹಾಗೆ. ಮುಂದೆ ಸಿಮೆಂಟ್ ಲಾರಿಯೊಂದು ಹಾರನ್ ಒತ್ತುತ್ತ ಹೋಯಿತು. ಅವುಗಳ ಕಾಲ ಬಳಿ ಮಣ್ಣಿನಲ್ಲಿ ಮಲಗಿದ್ದ ಇವರು, ಅದರ ಗಾಳಿಗೆ ಹಾರಿದ ಪಂಚೆಯನ್ನು ಎಡಗೈಯಿಂದ ಸರಿಪಡಿಸಿಕೊಂಡರು. ಬದುಕಿದ್ದಾರೆ ಎಂದು ನನಗೆ ಗೊತ್ತಾದದ್ದು ಅದರಿಂದ.

ಕೈಯನ್ನು ಮೊದಲು ನೋಡಿದವರು ಪ್ರದರ್ಶನಕ್ಕೆ ಬಂದಿದ್ದ ಪಶುವೈದ್ಯರು. “ಮನುಷ್ಯರದ್ದು ನನಗೆ ಬರಲ್ಲ ಕಣ್ರೀ, ಆದ್ರೂ ಇದು ಮುರಿದೈತೆ” ಎಂದರು. ಹಾಸನದಲ್ಲಿ ಪ್ಲಾಸ್ಟರ್ ಹಾಕಿದರು. ಅಲ್ಲಿಗೆ ಕಥೆ ಮುಗಿಯಬೇಕಿತ್ತು.

ಪದವಿಯಲ್ಲಿ ಮನಃಶಾಸ್ತ್ರ ಓದಿದವಳು ನಾನು. ಭಯ ಕಂಡ ಮನಸ್ಸು ಅದನ್ನೇ ಮತ್ತೆ ಮತ್ತೆ ಆಡುತ್ತದೆಂದು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕವನ್ನೂ ಪಡೆದಿದ್ದೆ. ಆದರೆ ಆಟದ ನಿಯಮವನ್ನು ಯಾವ ಪುಸ್ತಕವೂ ಹೇಳಿರಲಿಲ್ಲ: ಕಣ್ಣು ಮುಚ್ಚಿದಾಗ ಚೆನ್ನ ಕೆಲವೊಮ್ಮೆ ಎಡಕ್ಕೆ ಬರುತ್ತಾನೆ, ಕೆಲವೊಮ್ಮೆ ಬರುವುದಿಲ್ಲ. ಬಾರದಿದ್ದ ದಿನ ನಾನು ಎದ್ದು ಕೂತು ಇವರ ಉಸಿರನ್ನು ಕೇಳುತ್ತಿದ್ದೆ. ಅವರೂ ಎಚ್ಚರವಾಗಿಯೇ ಇರುತ್ತಿದ್ದರು. ಪ್ಲಾಸ್ಟರಿನಿಂದ ಹೊರಗುಳಿದ ಬೆರಳುಗಳು ಹೊದಿಕೆಯ ಅಂಚನ್ನು ಬಿಗಿಯಾಗಿ ಹಿಡಿದಿರುತ್ತಿದ್ದವು. “ನಿದ್ದೆ ಬರಾಕಿಲ್ವಾ?” ಎಂದು ಅವರು ಕೇಳುವುದು, “ನಿಮ್ಗೆ?” ಎಂದು ನಾನು ಕೇಳುವುದು, ಇಬ್ಬರೂ ಕಾಫಿಯ ಮೇಲೆ ತಪ್ಪು ಹೊರಿಸುವುದು.

ಇನ್ನೊಂದು ಸಂಗತಿಯನ್ನು ನಾವಿಬ್ಬರೂ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಮದುವೆಯಾದಂದಿನಿಂದ ಮಂಚದ ಎಡಗಡೆ ಅವರದು, ಬಲಗಡೆ ನನ್ನದು. ಮುರಿದ ಬಲಗೈ ನನ್ನ ಪಕ್ಕಕ್ಕೇ ಬರುತ್ತದೆ, ಹೊರಳಿದರೆ ತಾಗೀತು ಎಂದು ಆಸ್ಪತ್ರೆಯಿಂದ ಬಂದ ದಿನವೇ ನಾನು ಜಾಗ ಬದಲಿಸಿದ್ದೆ. ಒಳ್ಳೆಯ ಉದ್ದೇಶ, ಸಮರ್ಪಕ ಕಾರಣ. ತಮ್ಮಣ್ಣನ ಸಲಹೆಗೂ ಅವೆರಡೂ ಇದ್ದವು.

ಪ್ಲಾಸ್ಟರ್ ಬಿಚ್ಚಿಸಿಕೊಂಡು ಬಂದದ್ದು ಒಂದು ಸೋಮವಾರ. ಸಂಜೆ ಇವರು ಕೊಟ್ಟಿಗೆಗೆ ಹೋಗಿ, ಸೊರಗಿದ ಕೈಯಿಂದ ಚೆನ್ನನ ತೊಡೆಯ ಗಾಯವನ್ನು ಬಹಳ ಹೊತ್ತು ಸವರಿದರು. ಊಟವಾದ ಮೇಲೆ ಕೋಣೆಗೆ ಬಂದು, ನನ್ನ ದಿಂಬನ್ನೆತ್ತಿ ಬಲಗಡೆಗೆ ಹಾಕಿ, “ನಿನ್ ಕಡೀಕ್ ಹೋಗು ಮಾರಾಯ್ತಿ, ಸಾಕು” ಎಂದರು. ನಾನು ಹೋದೆ. ಪಕ್ಕದಲ್ಲಿ ಹೆಗಲು ತಾಗಿತು.

ಕಣ್ಣು ಬಿಟ್ಟಾಗ ಕಾಫಿ ಕಣದ ತುಂಬ ಬಿಸಿಲಿತ್ತು, ಹುಲ್ಲು ಕಾಣದ ಎತ್ತುಗಳೆರಡೂ ಕೊಟ್ಟಿಗೆಯಿಂದ ಕೂಗಿ ಕೂಗಿ ಸಿಟ್ಟಾಗಿದ್ದವು. ಇವರಿಗೆ ಇನ್ನೂ ಎಚ್ಚರವಾಗಿರಲಿಲ್ಲ. ಬಲಗೈ ಹೊದಿಕೆಯ ಮೇಲೆ ಅಂಗಾತ ಬಿದ್ದಿತ್ತು, ಬೆರಳುಗಳು ಏನನ್ನೂ ಹಿಡಿದಿರಲಿಲ್ಲ.