ಉತ್ತರ ಕೊಡದ ಸರ್ವರ್

ಮಲ್ಲಟದ ರೇಷನ್ ಅಂಗಡಿಯಲ್ಲಿ ನಮ್ಮ ಕಂಪನಿಯ ಯಂತ್ರ ಒಬ್ಬ ಮುದುಕಿಗೆ ಮತ್ತೆ ಮತ್ತೆ 'ಹೆಬ್ಬೆಟ್ಟು ಹೊಂದಲಿಲ್ಲ' ಎನ್ನುತ್ತಿತ್ತು. ರಿಪೇರಿಗೆ ಹೋಗಿದ್ದ ನಾನು ತೆರೆದು ನೋಡಿದರೆ, ಹೆಬ್ಬೆಟ್ಟನ್ನು ತಾಳೆ ನೋಡಿ ಹೇಳಬೇಕಾದ ದೂರದ ಸರ್ವರ್ ಉತ್ತರವನ್ನೇ ಕೊಟ್ಟಿರಲಿಲ್ಲ. ಆ ಮೌನವನ್ನೂ ಯಂತ್ರ 'ಇಲ್ಲ' ಎಂದೇ ತಿಳಿದಿತ್ತು.

ರಾಯಚೂರಿನ ಆಫೀಸಿಗೆ ಫೋನ್ ಮಾಡಿದೆ. "ಅಸಲಿ ಸರ್ವರ್ ಬದ್ಲಿ ನಕಲಿ ಸರ್ವರ್ ಇಟ್ಟು ಟೆಸ್ಟ್ ಮಾಡೀವ್ರಿ, ಎಲ್ಲಾ ಪಾಸ್ ಆಗ್ಯಾವ," ಅಂದ ಮ್ಯಾನೇಜರ್.

"ಆ ನಕಲಿ ಸರ್ವರ್ ಒಮ್ಮೆರ ಸುಮ್ನ ಕುಂತಿತ್ತೇನ್ರಿ?"

"ಅದ್ಯಾಕ ಸುಮ್ನ ಕೂಡ್ತದ? ನಾವೇ ಬರ್ದದ್ದು. ಕೇಳಿದ ಕೂಡ್ಲೇ ಹೌದು, ಇಲ್ಲ ಅಂತದ."

ತಿರುಗಿ ನೋಡಿದರೆ ಮುದುಕಿ ಮೆಟ್ಟಿಲ ಕಲ್ಲಿಗೆ ಹೆಬ್ಬೆಟ್ಟು ತಿಕ್ಕುತ್ತಿದ್ದಳು.

"ಬಿಡಬೇ ಯವ್ವಾ, ತಪ್ಪು ನಿಂದಲ್ಲ, ಮಷೀನಿಂದು."

"ಮಷೀನ್ ಸುಳ್ಳು ಹೇಳ್ತದೇನಪಾ? ಹತ್ತಿ ಬಿಡಿಸಿ ಬಿಡಿಸಿ ನನ್ನ ಬೆರಳೇ ಸವದಾವ," ಅಂದಳು.

ನಮ್ಮ ಟೆಸ್ಟುಗಳೆಲ್ಲ ಪಾಸು. ಫೇಲಾದದ್ದು ಆ ಹೆಬ್ಬೆಟ್ಟೊಂದೇ.